ಒತ್ತಕ್ಷರಕ್ಕೆ ಒಂದು ಚೌಕ

ಬೋಗಾದಿ ಮುಖ್ಯರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಬೀದಿಯಲ್ಲಿ ಹಿಟ್ಟಿನ ಗಿರಣಿಯಿದೆ. ಬಾಗಿಲ ಮೇಲೆ ತಗಡಿನ ಬೋರ್ಡು. ಹಳದಿ ನೆಲ, ಕೆಂಪಕ್ಷರ, ಪ್ರತಿ ಅಕ್ಷರದ ಬಲಕ್ಕೂ ಕೆಳಕ್ಕೂ ಕಪ್ಪು ನೆರಳು. ‘ಶ್ರೀ ಲಕ್ಷ್ಮೀ ಹಿಟ್ಟಿನ ಗಿರಣಿ’ ಎಂದು ದಪ್ಪಕ್ಕೆ. ಅದರಡಿ ಸಣ್ಣದಾಗಿ ‘ರಾಗಿ, ಗೋಧಿ, ಖಾರದಪುಡಿ ಬೀಸಿಕೊಡಲಾಗುವುದು’. ‘ಕ್ಷ್ಮೀ’ ಅಕ್ಷರಕ್ಕೆ ಬರೆದವರು ಎಷ್ಟು ಹದವಾಗಿ ಜಾಗ ಬಿಟ್ಟಿದ್ದಾರೆಂದರೆ, ಷಕಾರದ ಒತ್ತೂ ಮಕಾರದ ಒತ್ತೂ ಒಂದರ ಕಾಲನ್ನೊಂದು ತುಳಿಯದೆ ಕೂತಿವೆ. ಆಷಾಢದಲ್ಲಿ ಒಂದು ಬೆಳಗ್ಗೆ ನಾನು ಅದರ ಫೋಟೋ ತೆಗೆಯುತ್ತಿದ್ದಾಗ ಗಿರಣಿಯವರು ಹೊರಗೆ ಬಂದು, “ಇನ್ನೊಂದು ತಿಂಗಳಿಗೆ ಇದನ್ನ ಇಳಿಸ್ತೀವಮ್ಮ, ಲೈಟ್ ಬರೋ ಬೋರ್ಡು ಹಾಕಿಸ್ತಿದೀವಿ” ಅಂದರು. ನನಗೆ ಎದೆ ಧಸಕ್ಕೆಂದಿತು.

ನನ್ನಪ್ಪ ಬೋರ್ಡು ಬರೆಯುತ್ತಿದ್ದರು. ಮೈಸೂರಿನ ಎಷ್ಟೋ ಬೀದಿಗಳಲ್ಲಿ ಅವರ ಕೈಯಕ್ಷರ ತೂಗುತ್ತಿತ್ತು. ಈಗ ಒಂದೂ ಉಳಿದಿಲ್ಲ. ಬಣ್ಣ ಬಳಿದು ಒಣಗಿಸಿದ ತಗಡಿನ ಮೇಲೆ ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ಎರಡೂ ತುದಿಯಲ್ಲಿ ಬಿಗಿಹಿಡಿದು, ನಡುವೆ ಎತ್ತಿ ಬಿಟ್ಟರೆ ಪಟ್ಟನೆ ಒಂದು ನೇರ ಗೆರೆ ಬೀಳುತ್ತಿತ್ತು. ಆ ದಾರದ ಇನ್ನೊಂದು ತುದಿ ಹಿಡಿಯುವುದು ನನ್ನ ಕೆಲಸ. ಆಗ ನನಗೆ ಏಳೋ ಎಂಟೋ ವರ್ಷ. ಮುಂದೆ ನಾನು ಮೂವತ್ತು ವರ್ಷ ಅಚ್ಚುಕೂಟಗಳಿಗೆ ಕರಡು ತಿದ್ದಿ ಬದುಕಿದೆ. ಅಕ್ಷರದ ಋಣ ಬೇರೆ ಬೇರೆ ರೂಪದಲ್ಲಿ ನಮ್ಮ ಮನೆಯನ್ನು ಸಾಕಿದೆ.

ಬೋಗಾದಿ ಬದಲಾಗುತ್ತಿರುವ ಊರು. ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಬಂತು. ರಿಂಗ್ ರಸ್ತೆಯ ಆಚೆಗೂ ಬಡಾವಣೆಗಳೆದ್ದವು. 2024ರಲ್ಲಿ ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ಕಾನೂನು ಬಂದ ಮೇಲೆ ಕನ್ನಡದ ಬೋರ್ಡುಗಳು ಹೆಚ್ಚಿವೆ, ಅದು ಸಂತೋಷದ ಮಾತು. ಆದರೆ ಹೊಸ ಬೋರ್ಡುಗಳೆಲ್ಲ ಐದಾರು ಕಂಪ್ಯೂಟರ್ ಫಾಂಟುಗಳಲ್ಲೇ ಬರುತ್ತವೆ. ಕೈಯಿಂದ ಬರೆದವು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ನನ್ನ ಸೊಸೆ, ಅಣ್ಣನ ಮಗಳು, ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಕಂಪ್ಯೂಟರ್ ವಿಷನ್ ಓದುತ್ತಿದ್ದಾಳೆ. ಗಿರಣಿಯ ಫೋಟೋ ನೋಡಿದವಳೇ, “ಅತ್ತೆ, ಅಚ್ಚಿನ ಕನ್ನಡವನ್ನ ಫೋನು ಚೆನ್ನಾಗಿ ಓದುತ್ತೆ. ಇಂಥ ಅಕ್ಷರ ಬಂದ್ರೆ ತಡವರಿಸುತ್ತೆ. ನಾವೇ ಕಲಿಸೋಣ. ಅದನ್ನೇ ಪ್ರಾಜೆಕ್ಟ್ ಮಾಡ್ಕೋತೀನಿ” ಅಂದಳು.

ಕಲಿಸುವುದೆಂದರೆ ಗುರುತು ಹಾಕಿಕೊಡುವುದು. ಕಂಪ್ಯೂಟರಿಗೆ ಫೋಟೋ ಎಂದರೆ ಬರಿಯ ಅಂಕಿಗಳ ರಾಶಿ, ಒಂದೊಂದು ಚುಕ್ಕೆಗೆ ಎಷ್ಟೆಷ್ಟು ಬಣ್ಣ ಎಂಬ ಲೆಕ್ಕ. ಇಲ್ಲಿಂದ ಇಲ್ಲಿಯವರೆಗಿನದು ‘ಶ್ರೀ’, ಇಲ್ಲಿಂದ ಇಲ್ಲಿಗೆ ‘ಲ’ ಎಂದು ಮನುಷ್ಯರು ಚೌಕ ಹಾಕಿ, ಹೆಸರು ಬರೆದು, ಅಂಥ ಸಾವಿರಾರು ಉದಾಹರಣೆ ಮುಂದಿಟ್ಟ ಮೇಲೆ ಅದು ಹೊಸ ಫೋಟೋದಲ್ಲಿ ತಾನೇ ಹುಡುಕಲು ಕಲಿಯುತ್ತದೆ. ಈ ಗುರುತು ಹಾಕುವ ಕೆಲಸವನ್ನು ಆನೊಟೇಶನ್ ಎನ್ನುತ್ತಾರೆ. ಹೊರಗಿನವರಿಗೆ ಕಾಣಿಸದ ಕೆಲಸ ಇದು. 2009ರಲ್ಲಿ ಹೊರಬಂದ ಇಮೇಜ್‌ನೆಟ್ ಎಂಬ ಚಿತ್ರಕೋಶಕ್ಕೆ 167 ದೇಶಗಳ ಸುಮಾರು 49,000 ಜನ ಇಂಟರ್ನೆಟ್ಟಿನಲ್ಲಿ ಕೂತು ಹೆಸರು ಹಚ್ಚಿದರು. 2014ರ ಕೋಕೋ ಚಿತ್ರಕೋಶದಲ್ಲಿ 3,28,000 ಫೋಟೋ, 25 ಲಕ್ಷ ವಸ್ತುಗಳಿಗೆ ಅಂಚು ಹಿಡಿದು ಎಳೆದ ಗೆರೆ. ಅದಕ್ಕೆ ಹಿಡಿದದ್ದು 70,000 ಗಂಟೆಗೂ ಮೀರಿದ ಮಾನವಶ್ರಮ. ಇವತ್ತು ಫೋನು ಚಿತ್ರದಲ್ಲಿ ನಾಯಿಯನ್ನೋ ಕುರ್ಚಿಯನ್ನೋ ಗುರುತಿಸಿದಾಗ ಅದರ ಹಿಂದೆ ಬೇಸರವಾದ ಯಾವುದೋ ಬೆರಳುಗಳಿವೆ ಎಂಬುದನ್ನು ನಾನು ಈಗ ಮರೆಯಲಾರೆ.

ನಮ್ಮ ಹತ್ತಿರ ಇದ್ದದ್ದು ಮುನ್ನೂರು ಚಿಲ್ಲರೆ ಫೋಟೋ, ಮೂರು ಜನ. ನಾನು, ಸೊಸೆ, ಮಹಡಿಯ ಮನೆಯ ನಿವೃತ್ತ ಕನ್ನಡ ಮೇಷ್ಟ್ರು. ಮೇಷ್ಟ್ರು ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯವರೆಗೆ ನಡೆದುಹೋಗಿ ಮಾನಸಗಂಗೋತ್ರಿಯ ಮರಗಳ ಕೆಳಗಿಂದ ವಾಪಸ್ ಬರುವವರು. ದಾರಿಯಲ್ಲಿ ಕಂಡ ಬೋರ್ಡುಗಳ ಫೋಟೋವನ್ನೂ ತಂದರು. 1969ರಲ್ಲಿ ಶುರುವಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ನಮ್ಮ ಮಗ್ಗುಲಲ್ಲೇ ಇರುವುದು. ಭಾಷೆಗಾಗಿ ಇಷ್ಟೆಲ್ಲ ದುಡಿದ ನೆಲದಲ್ಲಿ ನಮ್ಮ ಪಾಲಿನದನ್ನೂ ಸ್ವಲ್ಪ ಮಾಡೋಣ ಎಂಬುದು ಅವರ ಉತ್ಸಾಹ.

ಕೆಲಸ ಶುರುಮಾಡುವ ಮೊದಲು ಸೊಸೆ ನನಗೊಂದು ಹಳೆಯ ಸಂಶೋಧನಾ ಪ್ರಬಂಧ ಓದಿಹೇಳಿದಳು. 2009ರದ್ದು. ತಿಯೋಫಿಲೊ ದೆ ಕಾಂಪೋಸ್, ಬೋಡ್ಲ ರಾಕೇಶ್ ಬಾಬು, ಮಣಿಕ್ ವರ್ಮ ಎಂಬ ಮೂವರು ಬೆಂಗಳೂರಿನ ಬೀದಿಗಳಲ್ಲಿ ಬೋರ್ಡು, ಹೋರ್ಡಿಂಗು, ಜಾಹೀರಾತುಗಳ 1,922 ಫೋಟೋ ತೆಗೆದು, ಅದರಲ್ಲಿದ್ದ ಇಂಗ್ಲಿಷ್ ಮತ್ತು ಕನ್ನಡ ಅಕ್ಷರಗಳನ್ನು ಕೈಯಾರೆ ಬಿಡಿಸಿದ್ದರು. ಚಾರ್ಸ್74ಕೆ ಎಂದು ಅದರ ಹೆಸರು. ಜಗತ್ತಿನ ಎಷ್ಟೋ ವಿದ್ಯಾರ್ಥಿಗಳು ಅಕ್ಷರ ಗುರುತಿಸುವ ಪಾಠ ಕಲಿತದ್ದು ನಮ್ಮ ಬೆಂಗಳೂರಿನ ಅಂಗಡಿ ಬೋರ್ಡುಗಳಿಂದ ಎಂದು ಕೇಳಿ ನನಗೆ ಹೆಮ್ಮೆಯಾಯಿತು. ಅವರು ಎರಡು ಬಗೆಯಲ್ಲಿ ಗುರುತು ಹಾಕಿದ್ದರು: ಅಕ್ಷರದ ಸುತ್ತ ಬರಿಯ ಚೌಕ ಒಂದು, ಅಕ್ಷರದ ಅಂಚನ್ನೇ ಹಿಡಿದು ಕತ್ತರಿಸಿದ್ದು ಇನ್ನೊಂದು. ಇಂಗ್ಲಿಷಿಗೆ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ ಎಲ್ಲ ಸೇರಿ 62 ವರ್ಗ ಸಾಕಾದವು. ಕನ್ನಡಕ್ಕೆ? ಮೂಲ ವರ್ಣ 49 ಎಂದು ಹಿಡಿದರೂ ಕಾಗುಣಿತ ಕೂಡಿದಾಗ ಕಣ್ಣಿಗೆ ಬೇರೆಯಾಗಿ ಕಾಣುವ ರೂಪ 600ಕ್ಕೂ ಮೀರಿತು. 25 ಜನ ಸ್ವಯಂಸೇವಕರು ತಲಾ 657 ಅಕ್ಷರ ಬರೆದುಕೊಟ್ಟರು, ಒಟ್ಟು 16,425. ಬೀದಿಯ ಫೋಟೋಗಳಿಂದ ಸಿಕ್ಕ ಕನ್ನಡ ಅಕ್ಷರ 4,194. ಅದರಲ್ಲಿ ಬಳಕೆಗೆ ಬಂದದ್ದು 3,345. ಸಂಯುಕ್ತ ರೂಪಗಳಿಗೆಲ್ಲ ಒಂದೊಂದು ಪ್ರತ್ಯೇಕ ವರ್ಗ ಕೊಡುವುದು ಈ ಲಿಪಿಗೆ ತಕ್ಕ ದಾರಿಯಲ್ಲ, ವರ್ಗಗಳ ಸಂಖ್ಯೆ ತೀರಾ ಬೆಳೆಯುತ್ತದೆ ಎಂದು ಅವರೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಹಾಗಾದರೆ ಯಾವ ಸಾಫ್ಟ್‌ವೇರಿನಲ್ಲಿ ಗುರುತು ಹಾಕುವುದು? ದುಡ್ಡು ಕೊಟ್ಟು ಕೊಳ್ಳುವ ಮಾತೇ ಇರಲಿಲ್ಲ. ಪುಕ್ಕಟೆಯಾಗಿ ಸಿಗುವವೇ ಹತ್ತಾರು ಇವೆ ಎಂದು ಸೊಸೆ ಪಟ್ಟಿ ತಂದಳು. ಆಗ ನನಗೆ ಮೊದಲು ಅರ್ಥವಾದದ್ದು ‘ಪುಕ್ಕಟೆ’ ಬೇರೆ, ‘ಮುಕ್ತ’ ಬೇರೆ ಎಂಬುದು. ಕೆಲವು ಜಾಲತಾಣಗಳಲ್ಲಿ ಹಣ ಕೇಳುವುದಿಲ್ಲ, ಆದರೆ ಏರಿಸಿದ ಫೋಟೋಗಳು ಎಲ್ಲರಿಗೂ ಕಾಣುವಂತೆ ತೆರೆದಿರಬೇಕೆಂಬ ಷರತ್ತಿರುತ್ತದೆ. ನಮ್ಮ ಬೋರ್ಡುಗಳಲ್ಲಿ ಅಂಗಡಿಯವರ ಹೆಸರಿದೆ, ಮೊಬೈಲ್ ನಂಬರಿದೆ; ಕೆಲವು ಫೋಟೋಗಳಲ್ಲಿ ಜಗಲಿಯ ಮೇಲೆ ಆಡುವ ಮಕ್ಕಳ ಮುಖವಿದೆ. “ಒಂದು ಫೋಟೋ ತಕ್ಕೋತೀನಿ” ಎಂದು ಕೇಳಿ ತೆಗೆದದ್ದು ನಾನು. ಅವರು ಹೂಂ ಅಂದದ್ದು ನನ್ನ ಮುಖ ನೋಡಿ. ಅದನ್ನು ಊರಿಗೆಲ್ಲ ಹಂಚಲು ನನಗೆ ಮನಸ್ಸಾಗಲಿಲ್ಲ. ಅಂಥವನ್ನೆಲ್ಲ ಅವತ್ತೇ ಪಟ್ಟಿಯಿಂದ ಹೊಡೆದುಹಾಕಿದೆವು.

ಉಳಿದವುಗಳಲ್ಲಿ ಲೇಬಲ್‌ಇಮ್ಗ್ ಬಲು ಸರಳ. ಡಬ್ಲ್ಯೂ ಕೀ ಒತ್ತಿ ಚೌಕ ಎಳೆ, ಹೆಸರು ಕೊಡು, ಡಿ ಒತ್ತಿದರೆ ಮುಂದಿನ ಫೋಟೋ. ಅದರ ಬೆಳವಣಿಗೆ ಈಗ ನಿಂತಿದ್ದರೂ ಬಳಸುವವರು ಬಳಸುತ್ತಲೇ ಇದ್ದಾರೆ. ಹಣ್ಣು, ಹಸು, ಆಟೋ ಗುರುತಿಸುವವರಿಗೆ ಅದು ಸಾಕು. ಆದರೆ ಅದಕ್ಕೆ ನೆಟ್ಟಗಿನ ಚೌಕ ಬಿಟ್ಟರೆ ಬೇರೆ ಗೊತ್ತಿಲ್ಲ. ಇಂಟೆಲ್ ಕಂಪನಿ 2018ರಲ್ಲಿ ಮುಕ್ತವಾಗಿ ಬಿಟ್ಟ ಸಿವ್ಯಾಟ್ ಎಲ್ಲಕ್ಕಿಂತ ಸಮರ್ಥ. ಕೆಲಸ ಹಂಚಬಹುದು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಪಾಸಣೆ ಮಾಡಬಹುದು, ವಿಡಿಯೋವನ್ನೂ ಹಿಡಿಯಬಹುದು. ಅದನ್ನು ನಮ್ಮದೇ ಯಂತ್ರದಲ್ಲಿ ನಿಲ್ಲಿಸಬೇಕಾದರೆ ಡಾಕರ್ ಎಂಬ ವ್ಯವಸ್ಥೆ ಬೇಕು, ತಕ್ಕ ಮೆಮೊರಿ ಬೇಕು. ಸೊಸೆಯ ಲ್ಯಾಪ್‌ಟಾಪಿನಲ್ಲಿ ಓಡಿತು. ಮೇಷ್ಟ್ರ ಹಳೇ ಕಂಪ್ಯೂಟರಿನಲ್ಲಿ ಓಡುವ ಹಾಗಿರಲಿಲ್ಲ. ಲೇಬಲ್ ಸ್ಟುಡಿಯೋದಲ್ಲಿ ಚೌಕದ ಜೊತೆಗೇ ಅದರೊಳಗಿನ ಬರಹವನ್ನು ಟೈಪಿಸುವ ಅನುಕೂಲ ಸಿದ್ಧವಾಗಿದೆ, ಅಕ್ಷರದ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗೆ. ನಾನು ಅದಕ್ಕೇ ಒಲಿದಿದ್ದೆ. ಆದರೆ ದಿನಾ ಅದನ್ನು ಎಬ್ಬಿಸಲು ಕಪ್ಪು ಪರದೆಯಲ್ಲಿ ಒಂದು ಆಜ್ಞೆ ಟೈಪಿಸಬೇಕು. ಮೇಷ್ಟ್ರು ಎರಡು ದಿನ ಪ್ರಯತ್ನಪಟ್ಟು, “ಕಾಗುಣಿತ ತಪ್ಪಿದ್ರೆ ನಾನು ತಿದ್ದಬಲ್ಲೆ, ಇದು ತಪ್ಪಿದ್ರೆ ನನಗೆ ದಿಕ್ಕಿಲ್ಲ” ಅಂದರು.

ಕೊನೆಗೆ ನಾವು ಹಿಡಿದದ್ದು ವಿಐಎ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಷುವಲ್ ಜಿಯೊಮೆಟ್ರಿ ಗ್ರೂಪಿನವರು ಮಾಡಿದ್ದು. ಇಡೀ ಸಾಫ್ಟ್‌ವೇರು ಒಂದೇ ಒಂದು ವೆಬ್‌ಪುಟ, 400 ಕಿಲೋಬೈಟಿಗೂ ಕಡಿಮೆ. ಫೋನಿನಲ್ಲಿ ತೆಗೆದ ಒಂದು ಫೋಟೋಗಿಂತ ಚಿಕ್ಕದು. ಪೆನ್‌ಡ್ರೈವಿನಲ್ಲಿ ಹಾಕಿ ಮೇಷ್ಟ್ರಿಗೆ ಕೊಟ್ಟೆ. ಅವರು ಅದರ ಮೇಲೆ ಎರಡು ಸಲ ಒತ್ತಿದರು, ಬ್ರೌಸರಿನಲ್ಲಿ ತೆರೆದುಕೊಂಡಿತು, ಅಷ್ಟೇ. ಇಂಟರ್ನೆಟ್ ಬೇಡ, ಖಾತೆ ಬೇಡ, ಪಾಸ್‌ವರ್ಡ್ ಬೇಡ. ಫೋಟೋ ಮನೆಯ ಹೊಸಿಲು ದಾಟುವುದಿಲ್ಲ. ಚೌಕ ಬೇಕಾದರೆ ಚೌಕ, ಅಂಚು ಹಿಡಿದು ಎಳೆಯಬೇಕಾದರೆ ಬಹುಭುಜ. ಪ್ರತಿ ಗುರುತಿಗೂ ನಮಗೆ ಬೇಕಾದ ಕಾಲಂಗಳನ್ನು ಸೇರಿಸಬಹುದು. ನಾವು ಎರಡು ಸೇರಿಸಿದೆವು. ಒಂದರಲ್ಲಿ ಅಕ್ಷರ, ಕನ್ನಡದಲ್ಲೇ. ಇನ್ನೊಂದರಲ್ಲಿ ಅದರ ಸ್ಥಿತಿ: ಸ್ಪಷ್ಟ, ಮಾಸಿದ್ದು, ಮರೆಯಾದದ್ದು. ಒಂದು ಎಚ್ಚರ ಮಾತ್ರ ಬೇಕು. ಕೆಲಸವನ್ನು ನಾವೇ ನೆನಪಿಟ್ಟು ಸೇವ್ ಮಾಡಬೇಕು. ಒಂದು ಸಂಜೆ ಮಳೆ ಹೊಡೆದು ಕರೆಂಟು ಹೋಗಿ, ಮೂರು ಬೋರ್ಡಿನ ಅಕ್ಷರಗಳಷ್ಟೂ ನೀರಲ್ಲಿ ಹೋಮ ಮಾಡಿದಂತಾಯಿತು. ಅವತ್ತಿನಿಂದ ಮೇಷ್ಟ್ರು ಒಂದೊಂದು ಬೋರ್ಡು ಮುಗಿದಾಗಲೂ ಸೇವ್ ಒತ್ತಿ, ಪಕ್ಕದ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕತೊಡಗಿದರು.

ಮುಕ್ತ ಸಾಫ್ಟ್‌ವೇರುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಈಗ ತಿರುಗಿ ಕೇಳುವ ಪ್ರಶ್ನೆ: ರಾತ್ರಿ ಒಂಬತ್ತು ಗಂಟೆಗೆ, ಇನ್ನೂ ನಲವತ್ತು ಅಕ್ಷರ ಬಾಕಿ ಇರುವಾಗ, ಮೌಸ್ ಹಿಡಿದು ಕೂರುವವರು ಯಾರು? ಅವರ ಕಣ್ಣಿಗೆ, ಅವರ ಕೈಗೆ, ಅವರ ಯಂತ್ರಕ್ಕೆ ಒಗ್ಗುವುದನ್ನು ಹುಡುಕಿ. ಸೊಸೆಯ ಸಹಪಾಠಿಗಳು ಸಿವ್ಯಾಟ್ ಹಿಡಿದರು. ಅವರು ಆರು ಜನ, ಎಲ್ಲರಿಗೂ ಹೊಸ ಲ್ಯಾಪ್‌ಟಾಪು, ರಸ್ತೆಯ ವಿಡಿಯೋ ಕೆಲಸ. ಅವರಿಗೆ ಅದೇ ಸರಿ.

ಸಾಫ್ಟ್‌ವೇರು ಸಿಕ್ಕಿತು. ನಿಜವಾದ ಜಗಳ ಆಮೇಲೆ ಶುರುವಾಯಿತು. ‘ಕ್ಷ್ಮೀ’ಗೆ ಎಷ್ಟು ಚೌಕ?

ಸೊಸೆ ಹೇಳಿದಳು: ಕಕಾರಕ್ಕೊಂದು, ಷ ಒತ್ತಿಗೊಂದು, ಮ ಒತ್ತಿಗೊಂದು, ದೀರ್ಘಕ್ಕೊಂದು. ಬಿಡಿಬಿಡಿಯಾಗಿ ಕೊಟ್ಟರೆ ವರ್ಗಗಳ ಸಂಖ್ಯೆ ನೂರರೊಳಗೆ ನಿಲ್ಲುತ್ತದೆ, ಯಂತ್ರಕ್ಕೆ ಉದಾಹರಣೆ ಸಾಕಷ್ಟು ಸಿಗುತ್ತವೆ. ಮೇಷ್ಟ್ರು ಒಪ್ಪಲಿಲ್ಲ. “ಅಕ್ಷರ ಅಂದ್ರೆ ಒಂದು. ಒಂದೇ ಉಸಿರಿಗೆ ಹೇಳೋದನ್ನ ನಾಲ್ಕು ತುಂಡು ಮಾಡ್ತೀಯಾ? ಒಂದನೇ ಕ್ಲಾಸಿನ ಮಗುವಿಗೂ ಹಾಗೆ ಕಲಿಸಲ್ಲ.” ಇಬ್ಬರೂ ನನ್ನ ಮುಖ ನೋಡಿದರು. ನನಗೆ ಅಪ್ಪನ ತಗಡು ನೆನಪಾಯಿತು.

ದಾರದಿಂದ ಗೆರೆ ಬಿದ್ದ ಮೇಲೆ ಅಪ್ಪ ಒಮ್ಮೆಲೇ ಬ್ರಷ್ ಎತ್ತುತ್ತಿರಲಿಲ್ಲ. ಸೀಸದ ಕಡ್ಡಿಯಿಂದ ಪ್ರತಿ ಅಕ್ಷರಕ್ಕೂ ಒಂದು ಚೌಕ ಹಾಕುತ್ತಿದ್ದರು. ‘ಗಿ’ಗೆ ಒಂದು, ‘ರ’ಕ್ಕೆ ಒಂದು, ‘ಣಿ’ಗೆ ಕೊಂಚ ಅಗಲವಾದದ್ದು. ಒತ್ತಕ್ಷರ ಬಂದರೆ ಆ ಚೌಕದ ಕೆಳಗೇ, ಬಲಕ್ಕೆ ಸರಿದಂತೆ, ಅದಕ್ಕೆ ಅಂಟಿಕೊಂಡ ಅರ್ಧ ಚೌಕ. “ಮೊದಲು ಒತ್ತಿಗೆ ಜಾಗ ಇಡ್ಬೇಕು ಮಗಾ, ಆಮೇಲೆ ತಲೆಕಟ್ಟು. ಇಲ್ಲಾಂದ್ರೆ ಕೆಳಗಿನ ಸಾಲಿನ ನೆತ್ತಿ ಮೇಲೆ ಕಾಲಿಡುತ್ತೆ” ಎನ್ನುತ್ತಿದ್ದರು. ಅರ್ಧ ಚೌಕಕ್ಕೆ ಸ್ವಂತ ಗೋಡೆ ಇತ್ತು, ಆದರೆ ಅದು ಮೇಲಿನ ಮನೆಗೆ ಸೇರಿದ್ದು. ನಾನು ಅದನ್ನೇ ಹೇಳಿದೆ: ಇಡೀ ಅಕ್ಷರಕ್ಕೆ ಒಂದು ಬಹುಭುಜ, ಅದರೊಳಗೆ ಒತ್ತಿಗೆ ಬೇರೊಂದು, ಎರಡಕ್ಕೂ ಸಂಬಂಧ ತೋರುವ ಒಂದೇ ಸಂಖ್ಯೆ. ಕೆಲಸ ಒಂದೂವರೆ ಪಟ್ಟಾಯಿತು. ಇಬ್ಬರೂ ಒಪ್ಪಿದರು.

ಚೌಕ ಬಿಟ್ಟು ಬಹುಭುಜವನ್ನೇ ಹಿಡಿಯಲು ಇನ್ನೊಂದು ಕಾರಣವೂ ಇತ್ತು. ಕನ್ನಡದ ಒತ್ತು ಪಕ್ಕದ ಅಕ್ಷರದ ಅಡಿಗೆ ನುಸುಳುತ್ತದೆ. ‘ಹಿಟ್ಟಿನ’ದಲ್ಲಿ ‘ಟ್ಟಿ’ಗೆ ನೆಟ್ಟಗಿನ ಚೌಕ ಎಳೆದರೆ ಅದರ ಮೂಲೆಯಲ್ಲಿ ‘ನ’ದ ಹೊಟ್ಟೆಯೂ ಸೇರಿಬಿಡುತ್ತದೆ. ಸಲೂನಿನ ಬೋರ್ಡುಗಳಲ್ಲಿ ಕಮಾನಿನಂತೆ ಬಾಗಿಸಿ ಬರೆದ ಅಕ್ಷರಗಳಿಗಂತೂ ಚೌಕ ಹೊಂದುವುದೇ ಇಲ್ಲ. ಬಹುಭುಜ ಇದ್ದರೆ ಅದರ ತುದಿಗಳನ್ನು ಹಿಡಿದು ಚೌಕವನ್ನು ಯಾವಾಗ ಬೇಕಾದರೂ ಲೆಕ್ಕಹಾಕಿ ತೆಗೆಯಬಹುದು. ಚೌಕದಿಂದ ಬಹುಭುಜ ಬರುವುದಿಲ್ಲ. ಯೋಲೋ ಎಂಬ ಬಗೆಯ ಮಾದರಿಗಳಿಗೆ ಊಡಿಸುವಾಗ ಒಂದು ಅಕ್ಷರ ಒಂದು ಸಾಲಾಗುತ್ತದೆ: 17 0.512 0.430 0.120 0.210. ಮೊದಲನೆಯದು ವರ್ಗದ ಸಂಖ್ಯೆ, ಮುಂದಿನೆರಡು ಚೌಕದ ನಡುಬಿಂದು, ಕೊನೆಯವು ಅಗಲ, ಎತ್ತರ. ಎಲ್ಲವೂ ಇಡೀ ಫೋಟೋವನ್ನು ಒಂದು ಎಂದು ಹಿಡಿದ ಪಾಲು. ಹಿಂಡಿ ಹಿಪ್ಪೆ ಮಾಡಿದಂತಹ ಸಾಲು ಅದು. ಆದ್ದರಿಂದ ಮೂಲವನ್ನು ಜೇಸನ್ ಕಡತದಲ್ಲಿ ಹಾಗೇ ಉಳಿಸಿಕೊಂಡಿದ್ದೇವೆ. ಅದನ್ನು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆದರೂ ‘ಕ್ಷ್ಮೀ’ ಓದಲು ಬರುತ್ತದೆ. ನಾಳೆ ಈ ಸಾಫ್ಟ್‌ವೇರೇ ಇಲ್ಲವಾದರೂ ನಮ್ಮ ದುಡಿಮೆ ನಮ್ಮ ಕೈಲಿರುತ್ತದೆ. ಸಾಫ್ಟ್‌ವೇರನ್ನು ಆರಿಸುವಾಗ ನಾನು ಕಟ್ಟುನಿಟ್ಟಾಗಿ ನೋಡುವ ಇನ್ನೊಂದು ವಿಷಯ ಇದು, ಹಾಕಿದ್ದನ್ನು ಪೂರ್ತಿಯಾಗಿ ವಾಪಸ್ ಕೊಡುತ್ತದೆಯೇ ಎಂಬುದು.

ಕರಡು ತಿದ್ದಿದವಳ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ಹೇಳದೆ ಇರಲಾರೆ. ತಿಂಗಳ ಕೊನೆಗೆ ಸೊಸೆ ಯಾವ ಅಕ್ಷರ ಎಷ್ಟು ಸಲ ಬಂದಿದೆಯೆಂದು ಎಣಿಸಿದಳು. ಪಟ್ಟಿಯಲ್ಲಿ ‘ಮೊ’ ಎರಡು ಕಡೆ ಇತ್ತು, ಒಂದು ಕಡೆ 31, ಇನ್ನೊಂದು ಕಡೆ 8. ಕಣ್ಣಿಗೆ ಎರಡೂ ಅಚ್ಚು ಒಂದೇ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ನಾನು ಒತ್ವವನ್ನು ಒಂದೇ ಕೀಲಿಯಿಂದ ಹಾಕಿದ್ದೆ. ಮೇಷ್ಟ್ರು ಕಾಗುಣಿತದ ಶಿಸ್ತಿನಲ್ಲಿ ಮೊದಲು ಎತ್ವ, ಆಮೇಲೆ ಕೊಂಬಿನ ಇಳಿ ಎಂದು ಎರಡಾಗಿ ಹಾಕಿದ್ದರು. ಪರದೆಯ ಮೇಲೆ ಎರಡೂ ‘ಮೊ’. ಯಂತ್ರದ ಲೆಕ್ಕದಲ್ಲಿ ಎರಡು ಬೇರೆ ಬೇರೆ ಪದಾರ್ಥ. ಯೂನಿಕೋಡಿನಲ್ಲಿ ಇವನ್ನು ಒಂದೇ ರೂಪಕ್ಕೆ ತರುವ ಕ್ರಮವಿದೆ, ಎನ್‌ಎಫ್‌ಸಿ ಎನ್ನುತ್ತಾರೆ. ಸೊಸೆ ಎರಡು ಸಾಲು ಬರೆದು ಎಲ್ಲವನ್ನೂ ಸರಿಮಾಡಿದಳು. ‘ಸೂರ್ಯ’ದ ಕತೆ ಅಷ್ಟು ಬೇಗ ಮುಗಿಯಲಿಲ್ಲ. ಕೆಲವು ಬೋರ್ಡುಗಳಲ್ಲಿ ಅರ್ಕಾವೊತ್ತು ಹಾಕಿ ಬರೆದಿದ್ದಾರೆ, ಕೆಲವುಗಳಲ್ಲಿ ರಕಾರಕ್ಕೆ ಯ ಒತ್ತು ಕೊಟ್ಟಿದ್ದಾರೆ. ಉಚ್ಚಾರ ಒಂದೇ, ಆಕಾರ ಬೇರೆ. ಎರಡನೆಯದನ್ನು ಟೈಪಿಸಲು ನಡುವೆ ಕಣ್ಣಿಗೆ ಕಾಣದ ಒಂದು ಬೆಸುಗೆ ಹಾಕಬೇಕು. ಕಣ್ಣು ಕಂಡದ್ದನ್ನೇ ಬರೆಯಬೇಕು, ಬರೆದವರ ಕೈಯನ್ನು ನಾವು ತಿದ್ದಬಾರದು ಎಂದು ನಾನು ಹಟ ಹಿಡಿದೆ. ಜೀವಮಾನವಿಡೀ ತಿದ್ದಿದವಳು ನಾನು; ಇಲ್ಲಿ ತಿದ್ದದೆ ಇರುವುದೇ ಕೆಲಸ.

ಈಚೆಗೆ ಒಂದು ಸಲ ಒತ್ತಿದರೆ ವಸ್ತುವಿನ ಅಂಚನ್ನು ತಾನೇ ಹಿಡಿಯುವ ಮಾದರಿಗಳು ಬಂದಿವೆ. ಮೆಟಾ ಕಂಪನಿ 2023ರಲ್ಲಿ ಬಿಟ್ಟ ‘ಸೆಗ್ಮೆಂಟ್ ಎನಿಥಿಂಗ್’ ಅಂಥದ್ದು, 1.1 ಕೋಟಿ ಫೋಟೋಗಳಲ್ಲಿ ಕಲಿತದ್ದು. ಸೊಸೆ ಅದನ್ನೂ ಹಚ್ಚಿ ನೋಡಿದಳು. ದಪ್ಪನೆಯ ‘ಗ’, ‘ರ’ಗಳನ್ನು ಚೆನ್ನಾಗಿಯೇ ಹಿಡಿಯಿತು. ಆದರೆ ‘ಟ್ಟಿ’ಯ ಮೇಲೆ ಒತ್ತಿದರೆ ಮೇಲಿನ ‘ಟಿ’ ಮಾತ್ರ ಬಂತು. ಕೆಳಗಿನ ಒತ್ತು ಬಣ್ಣದಲ್ಲಿ ತಗುಲಿಕೊಂಡಿಲ್ಲವಲ್ಲ, ಅದು ಬೇರೆಯ ವಸ್ತು ಎಂದೇ ಅದರ ಎಣಿಕೆ. ಒತ್ತು ಯಾರದೆಂದು ಹೇಳಲು ಕನ್ನಡ ಓದಿದವರೇ ಬೇಕಾಯಿತು. ಕೆಲವಕ್ಕೆ ಅದನ್ನು ಬಳಸಿಕೊಂಡೆವು, ಉಳಿದದ್ದು ಕೈಕೆಲಸ.

ಗಿರಣಿಯ ಬೋರ್ಡನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಮೊನ್ನೆ ಭಾನುವಾರ ಮಧ್ಯಾಹ್ನ ಅದನ್ನು ತೆರೆದು, ‘ಕ್ಷ್ಮೀ’ಯ ಅಂಚು ಹಿಡಿಯಲು ಫೋಟೋವನ್ನು ಹಿಗ್ಗಿಸುತ್ತಾ ಹೋದೆ. ಹಳದಿ ಬಣ್ಣ ತೆಳುವಾಗಿರುವ ಕಡೆ, ಒತ್ತಿನ ಪಕ್ಕದಲ್ಲಿ, ಕೂದಲೆಳೆಯಂತಹ ಒಂದು ಬೂದು ಗೆರೆ ಕಂಡಿತು. ಮೊದಲು ತಗಡಿನ ಗೀರು ಅಂದುಕೊಂಡೆ. ಇನ್ನೂ ಹಿಗ್ಗಿಸಿದೆ. ಗೆರೆ ನೇರ ಕೆಳಗಿಳಿದು, ಎಡಕ್ಕೆ ತಿರುಗಿ, ಷಕಾರದ ಒತ್ತಿನ ಅಡಿಯಲ್ಲಿ ಹಾದುಹೋಗಿತ್ತು. ಸೀಸದ ಕಡ್ಡಿಯ ಅರ್ಧ ಚೌಕ. ಅಪ್ಪನ ಕೈಯಲ್ಲ, ಅವರ ‘ಶ’ದ ಬಾಲ ಬೇರೆ ಥರ ಸುತ್ತುತ್ತಿತ್ತು. ಅವರಂತೆಯೇ ಯಾರೋ, ಬಿಸಿಲಲ್ಲಿ ತಗಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊದಲು ಒತ್ತಿಗೆ ಜಾಗ ಇಟ್ಟವರು. ಮೇಷ್ಟ್ರನ್ನು ಕೂಗಿ ಕರೆದೆ. ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನಾನು ಮೌಸನ್ನು ಆ ಬೂದು ಗೆರೆಯ ಮೂಲೆಗೆ ತಂದು ಮೊದಲ ಚುಕ್ಕೆ ಇಟ್ಟೆ; ಅದರ ಮೇಲೆಯೇ ಎರಡನೆಯದು, ಮೂರನೆಯದು. ಚೌಕ ಮುಚ್ಚಿಕೊಂಡಿತು. ಕಾಲಂನಲ್ಲಿ ‘ಷ ಒತ್ತು’ ಎಂದು ಬರೆದು, ಸ್ಥಿತಿಯಲ್ಲಿ ‘ಸ್ಪಷ್ಟ’ ಎಂದು ಆರಿಸಿ, ಸೇವ್ ಒತ್ತಿದೆ.